ಫೈಲಿನಲ್ಲಿ ಬರೆದಿದ್ದ ‘ನಿಲ್’

ಎರಡು ವರ್ಷದ ಹಿಂದೆ ಜುಲೈಯಲ್ಲಿ ಊರಿಗೆ ಬಂದಿದ್ದೆ. ಮಂಗಳೂರಿನ ಬಿಜೈಯಲ್ಲಿ ಅಕ್ಕನ ಮನೆ. ಬಂದ ರಾತ್ರಿ ಊಟ ಮುಗಿದ ಮೇಲೆ ಅಕ್ಕ ಒಂದು ಆಸ್ಪತ್ರೆ ಫೈಲು ತಂದು ನನ್ನ ಮುಂದೆ ಇಟ್ಟಳು. “ನೀನೊಂದು ಸಲ ನೋಡು ಮಾರಾಯ, ನಮಗೆ ಎಂತದೂ ಅರ್ಥ ಆಗುವುದಿಲ್ಲ” ಅಂದಳು.

ಅವಳ ಮಗನ ಫೈಲು. ಆಗ ಅವನಿಗೆ 20 ವರ್ಷ. ಕಾಲೇಜಿನ ಹತ್ತಿರ ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದ. ತಿಂಗಳುಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಮನೆಗೆ ಬಂದರೆ ಫೋನನ್ನು ಟವೆಲಿನಲ್ಲಿ ಸುತ್ತಿ ಕಪಾಟಿನೊಳಗೆ ಇಡುತ್ತಿದ್ದ. ಯಾರೋ ಅದರಲ್ಲಿ ತನ್ನ ಮಾತು ಕೇಳಿಸಿಕೊಳ್ಳುತ್ತಾರೆ ಅಂತ. ಮೊದಲು ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಟ್ಟು ನೋಡಿದರು, ಪರಿಹಾರವನ್ನೂ ಮಾಡಿಸಿದರು. ಆಮೇಲೆ ಮನೋವೈದ್ಯರು.

ಫೈಲಿನ ಮೊದಲ ಪುಟ ಕಿರಿಯ ಡಾಕ್ಟರು ಯಾರೋ ತುಂಬಿಸಿದ್ದು. ‘ಹ್ಯಾಬಿಟ್ಸ್’ ಅಂತ ಅಚ್ಚು ಹಾಕಿದ ಸಾಲಿನ ಎದುರು ನೀಲಿ ಪೆನ್ನಿನಲ್ಲಿ ‘ನಿಲ್’ ಅಂತ ಬರೆದಿತ್ತು, ಅಂದರೆ ಚಟ ಏನೂ ಇಲ್ಲ ಅಂತ. ಅದರ ಕೆಳಗೆ ‘ಫ್ಯಾಮಿಲಿ ಹಿಸ್ಟರಿ’, ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತಾ ಅಂತ. ಅಲ್ಲಿಯೂ ‘ನಿಲ್’.

ಎರಡೂ ಸುಳ್ಳು. ಮೊದಲನೆಯದು ಸುಳ್ಳು ಅಂತ ಹುಡುಗನಿಗೆ ಮಾತ್ರ ಗೊತ್ತಿತ್ತು. ಎರಡನೆಯದು ಸುಳ್ಳು ಅಂತ ನನಗೂ ಅಕ್ಕನಿಗೂ ಗೊತ್ತಿತ್ತು.

ಹುಡುಗನನ್ನು ಕೇಳಿ, ಅವನು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ.

ಅವತ್ತು ಒಳಗೆ ಏನಾಯಿತು ಅಂತ ಅಕ್ಕನನ್ನು ಕೇಳಿದೆ. ಅಕ್ಕ, ಭಾವ, ಭಾವನ ಅಣ್ಣ, ಹುಡುಗ, ನಾಲ್ಕೂ ಜನ ಡಾಕ್ಟರ ಕೋಣೆಯಲ್ಲಿ. ಹೊರಗೆ ಟೋಕನ್ ಹಿಡಿದವರ ಸಾಲು. ಅರ್ಧ ಬಾಗಿಲು ತೆರೆದೇ ಇತ್ತು. “ಕುಡಿಯುವುದು, ಸಿಗರೇಟು, ಬೇರೆ ಏನಾದರೂ ಅಭ್ಯಾಸ ಉಂಟಾ?” ಅಂತ ಕೇಳಿದರಂತೆ. ಹುಡುಗ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: “ಛೆ, ಇಲ್ಲ ಡಾಕ್ಟ್ರೇ. ನಮ್ಮದು ಅಂಥ ಮನೆ ಅಲ್ಲ.” ಅಷ್ಟೇ. ಪೆನ್ನು ‘ನಿಲ್’ ಅಂತ ಬರೆಯಿತು. ಮನೆಯವರ ವಿಷಯಕ್ಕೂ ಅದೇ ಉತ್ತರ.

ನಾನು ಇರುವುದು ಕೆನಡಾದ ಮಿಸ್ಸಿಸಾಗಾದಲ್ಲಿ, ಟೊರೊಂಟೊ ಪಕ್ಕ. ಅಲ್ಲಿ ನನಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಅರಿವಳಿಕೆ ಕೊಡುವ ಡಾಕ್ಟರು ಬಂದು ಮೊದಲು ನನ್ನ ಹೆಂಡತಿಯನ್ನು ಹೊರಗೆ ಕೂರಲು ಹೇಳಿದರು. ಆಮೇಲೆ ಒಂದೊಂದೇ ಪ್ರಶ್ನೆ. ಅಲರ್ಜಿ ಇದೆಯಾ? ಕಟ್ಟಿಸಿಕೊಂಡ ಹಲ್ಲು ಇದೆಯಾ? ಗಾಂಜಾ ಸೇದುತ್ತೀರಾ, ತಿನ್ನುತ್ತೀರಾ? ವಾರಕ್ಕೆ ಎಷ್ಟು ಸಲ? ಕೊನೆಯ ಸಲ ಯಾವಾಗ? ಹಲ್ಲಿನ ಬಗ್ಗೆ ಕೇಳಿದ ದನಿಯಲ್ಲೇ ಗಾಂಜಾ ಬಗ್ಗೆಯೂ ಕೇಳಿದರು. ಇಲ್ಲ ಅಂದೆ. ನನ್ನ ಮುಖ ನೋಡಿ ಅವರೇ ವಿವರಿಸಿದರು: ದಿನಾ ಸೇದುವವರಿಗೆ ಪ್ರಜ್ಞೆ ತಪ್ಪಿಸುವ ಮದ್ದು ಜಾಸ್ತಿ ಬೇಕಾಗುತ್ತದೆ, ಗೊತ್ತಿಲ್ಲದೆ ಕೊಟ್ಟರೆ ಕಷ್ಟ ಅಂತ.

ಅಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಒಂಟಾರಿಯೊದಲ್ಲಿ 19 ತುಂಬಿದವರು ಕೊಳ್ಳಬಹುದು, 30 ಗ್ರಾಂವರೆಗೆ ಜೊತೆಯಲ್ಲಿ ಇಟ್ಟುಕೊಳ್ಳಬಹುದು. ನಮ್ಮ ಮಿಸ್ಸಿಸಾಗಾ ಮಾತ್ರ ತನ್ನ ಗಡಿಯೊಳಗೆ ಅಂಗಡಿ ಬೇಡ ಅಂತ 2023ರವರೆಗೆ ತಡೆದಿತ್ತು. ನಮ್ಮಲ್ಲಿಯೂ ಕಾನೂನು ಬದಲಿಸಿ ಅಂತ ನಾನು ಹೇಳುತ್ತಿಲ್ಲ. ಗಾಂಜಾ ಮಾರುವುದು ಬೇರೆ, ಗಾಂಜಾ ಬಗ್ಗೆ ಡಾಕ್ಟರು ಕೇಳುವುದು ಬೇರೆ. ಆ ಎರಡನೆಯದು ನಮ್ಮೂರಿಗೂ ಬೇಕು. ಅದಕ್ಕೆ ಕಾನೂನು ಬದಲಾಗಬೇಕಾಗಿಲ್ಲ, ಕೋಣೆಯ ಬಾಗಿಲು ಮುಚ್ಚಿದರೆ ಸಾಕು.

ಊರಿಗೆ ಬಂದ ವಾರದಲ್ಲೇ ಹುಡುಗನನ್ನು ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬೆಳಿಗ್ಗೆ ಫೋನ್ ಮಾಡಿದ್ದು, ಸಂಜೆಗೆ ಟೋಕನ್ ಸಿಕ್ಕಿತು. ಒಂಟಾರಿಯೊದಲ್ಲಿ ಮನೋವೈದ್ಯರನ್ನು ಕಾಣಬೇಕಾದರೆ ಮೊದಲು ಫ್ಯಾಮಿಲಿ ಡಾಕ್ಟರು ಚೀಟಿ ಬರೆಯಬೇಕು, ಆಮೇಲೆ ತಿಂಗಳುಗಟ್ಟಲೆ ಕಾಯಬೇಕು. ಮಂಗಳೂರು, ಉಡುಪಿ, ಮಣಿಪಾಲದ ಸುತ್ತಮುತ್ತ ಇಷ್ಟೊಂದು ಮೆಡಿಕಲ್ ಕಾಲೇಜುಗಳಿವೆ, ಸರಕಾರದ ವೆನ್ಲಾಕ್ ಆಸ್ಪತ್ರೆ ಇದೆ, ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಮನೋರೋಗಕ್ಕೆ ಮತ್ತು ಚಟ ಬಿಡಿಸುವುದಕ್ಕೆ ಹೆಸರಾದ ಬಾಳಿಗಾ ಆಸ್ಪತ್ರೆ ಇದೆ. ಇದು ಎಂಥ ಭಾಗ್ಯ ಅಂತ ಹೊರಗೆ ಹೋದವರಿಗೆ ಗೊತ್ತು. ಇಷ್ಟು ಹತ್ತಿರದಲ್ಲಿ ಡಾಕ್ಟರು ಸಿಕ್ಕಿಯೂ ಅವರ ಮುಂದೆ ಕೂತು ಅರ್ಧ ವಿಷಯ ಮುಚ್ಚಿಡುತ್ತೇವಲ್ಲ, ನನಗೆ ನೋವಾಗುವುದು ಅದಕ್ಕೇ.

ಆ ಡಾಕ್ಟರು ಫೈಲು ತಿರುಗಿಸಿ ನೋಡಿದರು. ಅಕ್ಕನ ಕಡೆ ತಿರುಗಿ, “ಅಮ್ಮ, ನೀವೆಲ್ಲ ಒಂದು ಹತ್ತು ನಿಮಿಷ ಹೊರಗೆ ಕೂತುಕೊಳ್ಳಿ, ಆಮೇಲೆ ನಿಮ್ಮ ಹತ್ತಿರವೂ ಮಾತಾಡುತ್ತೇನೆ” ಅಂದರು. ಅಕ್ಕನಿಗೆ ಇಷ್ಟ ಆಗಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಕೊಡೆಯ ಬಟನ್ ಒತ್ತುವುದು, ಬಿಡುವುದು ಮಾಡುತ್ತಿದ್ದಳು. ಹತ್ತು ನಿಮಿಷ ಇಪ್ಪತ್ತೈದು ಆಯಿತು. ಹುಡುಗ ಆಮೇಲೆ ನನಗೆ ಹೇಳಿದ: “ಮಾವ, ಅವರು ತುಳುವಿನಲ್ಲಿ ಕೇಳಿದರು. ‘ಸೇದುತ್ತೀಯಾ’ ಅಂತ ಅಲ್ಲ, ‘ಯಾವಾಗಿಂದ ಸೇದುತ್ತೀಯಾ’ ಅಂತ ಕೇಳಿದರು.”

ಹದಿನೆಂಟನೇ ವಯಸ್ಸಿನಿಂದ ಗಾಂಜಾ. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ ರಾತ್ರಿ. ಪರೀಕ್ಷೆಯ ಹೆದರಿಕೆಗೆ ಶುರು ಮಾಡಿದ್ದು, ನಿದ್ದೆಗೆ ಅಂತ ಮುಂದುವರಿಸಿದ್ದು. ಸಿಗರೇಟಿನ ತಂಬಾಕು ಕಲಸಿ ಎಳೆಯುತ್ತಿದ್ದ.

ಇಷ್ಟು ಗೊತ್ತಾದ ಕೂಡಲೇ ಹಳೆಯ ಫೈಲಿನ ಕಥೆಯೇ ಬೇರೆ ಆಯಿತು. ಮೊದಲ ಡಾಕ್ಟರು ಕೊಟ್ಟಿದ್ದು ಓಲಾಂಜಪಿನ್, ಇಂಥ ಭ್ರಮೆ ತಗ್ಗಿಸುವ ಮಾತ್ರೆ. ತಂಬಾಕಿನ ಹೊಗೆ, ಗಾಂಜಾದ ಹೊಗೆ, ಎರಡೂ ಲಿವರಿನಲ್ಲಿ ಆ ಮಾತ್ರೆ ಕರಗುವ ವೇಗವನ್ನು ಹೆಚ್ಚಿಸುತ್ತವೆ. ಹಾಗಾಗಿ ರಕ್ತದಲ್ಲಿ ಮದ್ದು ಕಡಿಮೆ ಉಳಿಯುತ್ತದೆ. ಮದ್ದು ನಾಟಲಿಲ್ಲ ಅಂತ ಡಾಕ್ಟರು ಡೋಸು ಏರಿಸಿದ್ದರು. ಹುಡುಗ ಮನೆಗೆ ಬಂದು ಸೇದುವುದು ನಿಂತಾಗ ಅದೇ ಡೋಸು ಜಾಸ್ತಿಯಾಗಿ ದಿನವಿಡೀ ತೂಕಡಿಸುತ್ತಿದ್ದ. ಮತ್ತೊಂದು: ದಿನಾ ಸೇದುವವರು ಒಮ್ಮೆಲೇ ಬಿಟ್ಟರೆ ಒಂದೆರಡು ದಿನದಲ್ಲಿ ಸಿಡುಕು, ಚಡಪಡಿಕೆ ಶುರುವಾಗುತ್ತದೆ, ಊಟ ಸೇರುವುದಿಲ್ಲ, ಕೆಟ್ಟ ಕನಸು. ಮೊದಲ ವಾರ ಜೋರು, ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಮನೆಯಲ್ಲಿ ಇದನ್ನೇ ಕಾಯಿಲೆ ಉಲ್ಬಣಿಸಿತು ಅಂದುಕೊಂಡಿದ್ದರು.

ಬಿಡದೆ ವಾಂತಿ ಮಾಡುತ್ತಾ, ಬಿಸಿನೀರು ಹುಯ್ದುಕೊಂಡರೆ ಮಾತ್ರ ಸಮಾಧಾನ ಅನ್ನುವ ಹುಡುಗರೂ ಇದ್ದಾರೆ. ವರ್ಷಗಟ್ಟಲೆ ಗಾಂಜಾ ಸೇದಿದವರಲ್ಲಿ ಕಾಣುವ ತೊಂದರೆ ಅದು. ಹೇಳದಿದ್ದರೆ ಎಂಡೋಸ್ಕೋಪಿ, ಸ್ಕ್ಯಾನು ಅಂತ ದುಡ್ಡು ಸುರಿಯುತ್ತಾ ಇರಬೇಕು.

“ಗಾಂಜಾದಿಂದಲೇ ಹೀಗಾಯಿತಾ?” ಅಂತ ಅಕ್ಕ ಅಳುತ್ತಾ ಕೇಳಿದಳು. ಅದಕ್ಕೆ ಡಾಕ್ಟರು ನೇರ ಹೌದು ಅನ್ನಲಿಲ್ಲ. ಹೆಚ್ಚಿನವರು ಸೇದಿದರೂ ಅವರಿಗೆ ಸೈಕೋಸಿಸ್, ಅಂದರೆ ಇಲ್ಲದ್ದನ್ನು ಇದೆ ಅಂತ ನಂಬುವ, ಕೇಳಿಸಿಕೊಳ್ಳುವ ಸ್ಥಿತಿ, ಬರುವುದಿಲ್ಲ. ಆದರೆ ಅಪಾಯ ಏರುವುದು ನಿಜ. ಸ್ವೀಡನ್‌ನಲ್ಲಿ ಸೇನೆಗೆ ಸೇರಿದ ಯುವಕರನ್ನು ವರ್ಷಗಟ್ಟಲೆ ಗಮನಿಸಿ 1987ರಲ್ಲೇ ಇದನ್ನು ಹೇಳಿದ್ದರು. ಯುರೋಪ್ ಮತ್ತು ಬ್ರೆಜಿಲ್‌ನ 11 ಕಡೆ ನಡೆದು 2019ರಲ್ಲಿ ಬಂದ ಅಧ್ಯಯನ ಇನ್ನೂ ಸ್ಪಷ್ಟ. ದಿನಾ ಬಳಸುವವರಲ್ಲಿ ಸೈಕೋಸಿಸ್ ಸಾಧ್ಯತೆ ಸುಮಾರು ಮೂರು ಪಟ್ಟು, ಗಾಂಜಾದಲ್ಲಿ ಅಮಲು ತರುವ ಅಂಶವಾದ ಟಿಎಚ್‌ಸಿ ಶೇ. 10ಕ್ಕಿಂತ ಜಾಸ್ತಿ ಇರುವ ಮಾಲನ್ನು ದಿನಾ ಬಳಸುವವರಲ್ಲಿ ಸುಮಾರು ಐದು ಪಟ್ಟು. ಟೊರೊಂಟೊ ಅಂಗಡಿಗಳಲ್ಲಿ ಶೇ. 20 ದಾಟಿದ ಮಾಲು ಸಾಮಾನ್ಯ. ಬ್ಯಾಂಕಾಕ್‌ನಿಂದ ತರುವ, ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ ಜೋರಿನ ಹೈಡ್ರೋ ಗಾಂಜಾ ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬೀಳುವ ಸುದ್ದಿ ಓದುವಾಗ ನನಗೆ ಈ ಲೆಕ್ಕ ನೆನಪಾಗುತ್ತದೆ. ಹದಿಹರೆಯದಲ್ಲಿ ಶುರು ಮಾಡಿದವರಿಗೆ, ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದವರಿಗೆ, ಇನ್ನೂ ಅಪಾಯ.

ಇನ್ನು ಎರಡನೆಯ ‘ನಿಲ್’.

ಕಾಪುವಿನ ನಮ್ಮ ಮೂಲಮನೆಯಲ್ಲಿ ಅಜ್ಜನ ತಮ್ಮ ಒಬ್ಬರಿದ್ದರು. ಹಿಂದಿನ ಕೋಣೆಯಲ್ಲೇ ಅವರ ಜೀವನ ಕಳೆಯಿತು. ಗೋಡೆಯ ಹತ್ತಿರ ಪಿಸುಗುಟ್ಟುತ್ತಿದ್ದರು. ಮಕ್ಕಳಾದ ನಾವು ಊಟದ ಬಟ್ಟಲು ಹೊಸ್ತಿಲ ಮೇಲೆ ಇಟ್ಟು ಓಡಿಬರುತ್ತಿದ್ದೆವು. ದೈವದ ದೋಷ ಅಂತ ದೊಡ್ಡವರು ಹೇಳುತ್ತಿದ್ದರು. ನಾನು ದೈವವನ್ನು ನಂಬುವವನೇ, ಕೋಲಕ್ಕೆ ಈಗಲೂ ಹಣ ಕಳುಹಿಸುತ್ತೇನೆ. ಆದರೆ ಡಾಕ್ಟರು ಮನೆತನದ ಬಗ್ಗೆ ಕೇಳಿದಾಗ ಆ ಚಿಕ್ಕಜ್ಜನ ಹೆಸರು ಬರಲೇಬೇಕಿತ್ತು. ನಾನೂ ಹೇಳಿರಲಿಲ್ಲ. ಎರಡನೇ ಭೇಟಿಯಲ್ಲಿ ಅಕ್ಕ ತಾನಾಗಿಯೇ ಹೇಳಿದಳು. ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮಗನ ವಿಷಯಕ್ಕಿಂತ ಅದನ್ನು ಹೇಳುವುದೇ ಅವಳಿಗೆ ಕಷ್ಟವಾಯಿತು ಅಂತ ನನಗೆ ಅನಿಸಿತು.

ಮನೆಯವರು ಮುಚ್ಚಿಡುವುದು ಯಾಕೆ ಅಂತ ನನಗೆ ಅರ್ಥ ಆಗುತ್ತದೆ. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ಗಾಂಜಾ ಪ್ರಕರಣದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು, ಡಾಕ್ಟರುಗಳೇ ಬಂಧನವಾದರು. ಹೆಸರು, ಊರು ಪೇಪರಿನಲ್ಲಿ ಬಂತು. ಅದನ್ನು ಓದಿದ ಯಾವ ತಾಯಿ ಫೈಲಿನಲ್ಲಿ ‘ಗಾಂಜಾ’ ಅಂತ ಬರೆಸುತ್ತಾಳೆ? ಕಾಲೇಜಿನಿಂದ ತೆಗೆದರೆ? ಪಾಸ್‌ಪೋರ್ಟ್‌ಗೆ ತೊಂದರೆ ಆದರೆ? ನಾಳೆ ಮದುವೆ?

ಆದರೆ ಕಾನೂನಿನಲ್ಲೇ ಒಂದು ಬಾಗಿಲು ತೆರೆದಿದೆ. ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇದುವುದು ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅದೇ ಕಾಯ್ದೆಯ 64ಎ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಸೇವನೆಯ ಕೇಸು ಬಿದ್ದ, ಅಥವಾ ಸಣ್ಣ ಪ್ರಮಾಣದ ಮಾಲಿನ ಕೇಸು ಬಿದ್ದ ವ್ಯಸನಿ ತಾನಾಗಿಯೇ ಸರಕಾರದ ಅಥವಾ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಆ ಕೇಸಿನಿಂದ ರಕ್ಷಣೆ ಇದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹಿಂದಕ್ಕೆ ಪಡೆಯಬಹುದು. ಇನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಡ್ರಗ್ಸ್‌ನಿಂದ ಬರುವ ಮನಸ್ಸಿನ ತೊಂದರೆಯನ್ನೂ ಕಾಯಿಲೆ ಅಂತಲೇ ಎಣಿಸುತ್ತದೆ. ಜೀವಕ್ಕೆ ಅಪಾಯ, ಕೋರ್ಟಿನ ಆದೇಶ, ಇಂಥ ಕೆಲವು ಸಂದರ್ಭ ಬಿಟ್ಟರೆ ರೋಗಿಯ ವಿಷಯ ಗುಟ್ಟಾಗಿ ಇಡಬೇಕು ಅನ್ನುತ್ತದೆ. ಮಂಗಳೂರಿನ ಪ್ರತಿ ಮನೋರೋಗ ವಿಭಾಗದ ಗೋಡೆಯ ಮೇಲೆ ಇದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕು. ಸೇದುವವರನ್ನು ಹಿಡಿಯುತ್ತೇವೆ ಅಂತ ಕಾಲೇಜಿನ ಗೇಟಿನಲ್ಲಿ ಬೋರ್ಡು ಹಾಕಿದರೆ, ಬಿಡಬೇಕು ಅನ್ನುವವನು ಎಲ್ಲಿ ಹೋಗಬೇಕು ಅಂತಲೂ ಅದೇ ಬೋರ್ಡಿನಲ್ಲಿ ಇರಬೇಕು.

ಕೆನಡಾದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಅಲ್ಲಿ ಕೇಳುವವರೂ ಇದ್ದಾರೆ, ಹೇಳುವವರೂ ಇದ್ದಾರೆ, ಆದರೆ ಹೆದರಿಕೆ ಪೂರ್ತಿ ಹೋಗಿಬಿಟ್ಟಿದೆ. ನನ್ನ ಜೊತೆ ಕೆಲಸ ಮಾಡುವವರು ಆತಂಕಕ್ಕೆ, ನಿದ್ದೆಗೆ ಅಂತ ಅಂಗಡಿಯ ಹುಡುಗನನ್ನು ಕೇಳಿ ತಂದು ತಿನ್ನುತ್ತಾರೆ. ಸೊಪ್ಪು ತಾನೇ, ಏನೂ ಆಗುವುದಿಲ್ಲ ಅನ್ನುತ್ತಾರೆ. ಒಂಟಾರಿಯೊದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ ನಾನು ದಂಗಾದೆ. ಸೈಕೋಸಿಸ್ ದೀರ್ಘಕಾಲ ಕಾಡುವ ಸ್ಕಿಜೋಫ್ರೇನಿಯಾ ಕಾಯಿಲೆಯ ಹೊಸ ಪ್ರಕರಣಗಳಲ್ಲಿ ಗಾಂಜಾ ಚಟದ ಜೊತೆ ನಂಟು ಇರುವ ಪಾಲು ಮೊದಲು ಶೇ. 3.7 ಇದ್ದದ್ದು ಕಾನೂನು ಬದಲಾದ ನಂತರ ಶೇ. 10.3ಕ್ಕೆ ಏರಿದೆ.

ಇನ್ನೊಂದು ಕೊರತೆಯೂ ಅಲ್ಲಿದೆ. ಹುಡುಗನನ್ನು ಒಂಟಿಯಾಗಿ ಕೂರಿಸಿ ಕೇಳುತ್ತಾರೆ, ಒಳ್ಳೆಯದು. ಆಮೇಲೂ ಒಂಟಿಯಾಗಿಯೇ ಬಿಡುತ್ತಾರೆ. ವಯಸ್ಸಿಗೆ ಬಂದ ಮಗ ಬೇಡ ಅಂದರೆ ತಾಯಿಗೆ ಒಂದು ಮಾತೂ ತಿಳಿಯುವುದಿಲ್ಲ. ನನ್ನ ಅಕ್ಕ ಮಗನ ಮಾತ್ರೆ ಪಟ್ಟಿಯ ಹಿಂದೆ ಪೆನ್ನಿನಲ್ಲಿ ವಾರದ ಹೆಸರು ಬರೆದು, ಗಂಜಿಯ ಬಟ್ಟಲಿನ ಪಕ್ಕ ಇಡುತ್ತಾಳೆ. ನುಂಗುವವರೆಗೆ ಅಲ್ಲೇ ನಿಲ್ಲುತ್ತಾಳೆ. ಮಿಸ್ಸಿಸಾಗಾದಲ್ಲಿ ಯಾರು ನಿಲ್ಲುತ್ತಾರೆ? ಮನೆಯವರು ಹೊರಗೆ ಹೋಗಬೇಕಾದ್ದು ಹತ್ತು ನಿಮಿಷಕ್ಕೆ ಮಾತ್ರ. ಆಮೇಲೆ ಅವರು ಒಳಗೆ ಬರಲೇಬೇಕು.

ಊರು ದೂರ, ಗಾಡಿ ಇಲ್ಲ, ಮುಖ ತೋರಿಸಲು ಹೆದರಿಕೆ ಅನ್ನುವವರಿಗೆ 2022ರಿಂದ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಯಾವ ಹೊತ್ತಿಗಾದರೂ ಮಾಡಬಹುದು, ದುಡ್ಡಿಲ್ಲ. ಚಟ ಬಿಡುವ ಸಹಾಯಕ್ಕೆ ಅಂತಲೇ 14446 ಇದೆ.

ಹುಡುಗ ಈಗ ಪರವಾಗಿಲ್ಲ. ನಡುವೆ ಒಮ್ಮೆ ಮತ್ತೆ ಸೇದಿದ, ಅದನ್ನೂ ಡಾಕ್ಟರಿಗೆ ಹೇಳಿದ. ಒಂದು ವರ್ಷ ಕಾಲೇಜು ಹಿಂದೆ ಬಿದ್ದಿದೆ. ಫೋನು ಟವೆಲಿನಿಂದ ಹೊರಗೆ ಬಂದಿದೆ, ನನಗೇ ಆಗಾಗ ವಿಡಿಯೋ ಕಾಲ್ ಮಾಡುತ್ತಾನೆ.

ಮೊನ್ನೆ ಅಕ್ಕನ ಜೊತೆ ಮಾತಾಡುವಾಗ ಹೇಳಿದಳು. ಅವಳ ಬೀದಿಯ ಹೆಂಗಸೊಬ್ಬರು ಕತ್ತಲಾದ ಮೇಲೆ ಬಂದು ಅಡುಗೆಮನೆಯಲ್ಲಿ ಕೂತು ತಮ್ಮ ಮಗನ ಬಗ್ಗೆ ಕೇಳಿದರಂತೆ. ನಿದ್ದೆ ಇಲ್ಲ, ಬಾಗಿಲು ಹಾಕಿಕೊಂಡು ಇರುತ್ತಾನೆ, ಯಾವ ಡಾಕ್ಟರು ಒಳ್ಳೆಯದು ಅಂತ. “ನೀನೇನು ಹೇಳಿದೆ?” ಅಂತ ಕೇಳಿದೆ.

“ಡಾಕ್ಟರ ಹೆಸರು ಆಮೇಲೆ ಹೇಳಿದೆ” ಅಂದಳು ಅಕ್ಕ. “ಮೊದಲು, ಕೋಣೆಯೊಳಗೆ ಹೋದ ಕೂಡಲೇ ನೀವು ಬಾಯಿ ತೆರೆಯಬೇಡಿ, ಹೊರಗೆ ಬೆಂಚಿನಲ್ಲಿ ಕೂತುಕೊಳ್ಳಿ ಅಂದೆ. ಕೂರಲು ಆಗದಿದ್ದರೆ ನಾನೂ ಬರುತ್ತೇನೆ ಅಂದೆ. ಗುರುವಾರ ಹೋಗುತ್ತಿದ್ದೇವೆ.”