‘ದೊಡ್ಡ’ ಎಲ್ಲಿ ಹೋಯಿತು?

ಮನೆಸಾಲಕ್ಕೆ ಅರ್ಜಿ ಹಾಕಿದವರಿಗೆಲ್ಲ ಈ ಕಥೆ ಗೊತ್ತು. ಹಾಕದವರು ಪುಣ್ಯವಂತರು, ಬೇರೆ ಏನಾದರೂ ಓದಿಕೊಳ್ಳಲಿ.

ಬೇಗೂರು ಹೋಬಳಿಯಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಒಂದು ಹಳೇ ಮನೆ ನೋಡಿದೆವು. ಹೆಂಡತಿಗೂ ಹಿಡಿಸಿತು. ಕಾಗದಪತ್ರಗಳನ್ನು ನಮ್ಮ ಮನೆಯ ಹಳೇ ವಕೀಲರಿಗೆ ಕೊಟ್ಟೆ. ಜಮೀನು ವ್ಯಾಜ್ಯಗಳಲ್ಲೇ ತಲೆ ನರೆಸಿಕೊಂಡವರು. ಎರಡು ವಾರ ಕೂತು ಒಂದೊಂದೇ ಹಾಳೆ ಓದಿ, “ತಗೊಳ್ಳಿ, ತೊಂದರೆಯಿಲ್ಲ” ಅಂದರು. ಫೀಸು ಕೊಟ್ಟೆ. ಅವರ ಅಭಿಪ್ರಾಯಪತ್ರ ಹಿಡಿದುಕೊಂಡು ಬ್ಯಾಂಕಿಗೆ ಹೋದರೆ, ಸಾಲದ ವಿಭಾಗದ ಹುಡುಗ ಅದನ್ನು ಕೈಯಲ್ಲೂ ಮುಟ್ಟಲಿಲ್ಲ.

“ಇವರು ನಮ್ಮ ಪ್ಯಾನಲ್‌ನಲ್ಲಿಲ್ಲ ಸರ್. ಬ್ಯಾಂಕ್ ಒಪ್ಪಿರೋ ವಕೀಲರೇ ಆಗ್ಬೇಕು. ಲಿಸ್ಟ್ ಕೊಡ್ತೀನಿ, ನಿಮಗೆ ಯಾರು ಬೇಕೋ ಅವರನ್ನ ಸೆಲೆಕ್ಟ್ ಮಾಡ್ಕೊಳ್ಳಿ.”

‘ಯಾರು ಬೇಕೋ ಅವರನ್ನ!’ ಬ್ಯಾಂಕಿನಲ್ಲಿ ಇಂಥ ಮಾತು ಕೇಳಿ ಎಷ್ಟು ವರ್ಷವಾಗಿತ್ತು. ಲಿಸ್ಟಿನಲ್ಲಿ ಮೂರು ಹೆಸರು. ಒಬ್ಬರ ಫೋನು ಸ್ವಿಚ್ ಆಫ್. ಇನ್ನೊಬ್ಬರು ನಮ್ಮ ಏರಿಯಾ ನೋಡುವುದನ್ನು ಬಿಟ್ಟಿದ್ದಾರಂತೆ. ಹಾಗಾಗಿ ಮೂರನೆಯವರನ್ನು ನಾನು, ಕ್ರಯಪತ್ರಗಳಲ್ಲಿ ಬರೆಯುತ್ತಾರಲ್ಲ, ಯಾರ ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ, ಸ್ವಸ್ಥಚಿತ್ತದಿಂದ ಆರಿಸಿಕೊಂಡೆ.

ಅವರ ಮುಖ ನಾನು ಇವತ್ತಿನವರೆಗೂ ನೋಡಿಲ್ಲ. ವಾಟ್ಸ್ಆಪಿನ ಡಿಪಿಯಲ್ಲಿ ತಿರುಪತಿ ತಿಮ್ಮಪ್ಪ. ಅಲ್ಲಿಂದಲೇ ಅಪ್ಪಣೆ ಬರುತ್ತಿತ್ತು. ಮೂಲಪತ್ರ ಕಳಿಸಿ. ಇ-ಖಾತಾ ಕಳಿಸಿ. ಕನ್ವರ್ಷನ್ ಆರ್ಡರ್, ವಂಶವೃಕ್ಷ, ಹಳೇ ಪಹಣಿ. ಮೂವತ್ತು ವರ್ಷದ ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ. ಅದರಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದಕ್ಕಿಂತ ಹಿಂದಿನದು ಕೈಬರಹ. ಆ ಕೈಬರಹ ಓದಲು ಬರುವವರು ಈಗ ಉಪನೋಂದಣಿ ಕಚೇರಿಯಲ್ಲೂ ಕಮ್ಮಿ. ನನಗಂತೂ ಅದು ಡಾಕ್ಟರು ಬಸ್ಸಿನಲ್ಲಿ ನಿಂತು ಬರೆದ ಚೀಟಿಯ ಹಾಗೆ ಕಂಡಿತು.

ಎಲ್ಲ ಕಳಿಸಿದ ಮೇಲೆ ಒಂದು ಪ್ರಶ್ನೆ ಬಂತು. 1978ರ ಪತ್ರದಲ್ಲಿ ಜಮೀನಿನ ಯಜಮಾನರ ಹೆಸರಿನ ಮುಂದೆ ‘ದೊಡ್ಡ’ ಎಂದಿದೆ. 1991ರ ವಿಭಾಗಪತ್ರದಲ್ಲಿ ಅದೇ ಹೆಸರಿಗೆ ‘ದೊಡ್ಡ’ ಇಲ್ಲ. ದೊಡ್ಡ ಎಲ್ಲಿ ಹೋಯಿತು? ವಿವರಿಸಿ.

ನಾನು ಏನೆಂದು ವಿವರಿಸಲಿ? ಆ ಯಜಮಾನರು ತೀರಿಕೊಂಡು ಬಹಳ ಕಾಲವಾಗಿದೆ. ವಯಸ್ಸಾದ ಮೇಲೆ ದೊಡ್ಡಸ್ತಿಕೆ ಬಿಟ್ಟಿರಬಹುದು. ಆದರೆ ಕಾನೂನಿಗೆ ಅದು ಸಾಲದು. ಇಬ್ಬರೂ ಒಬ್ಬರೇ ಎಂದು ವಾರಸುದಾರರಲ್ಲಿ ಯಾರಾದರೂ ಅಫಿಡವಿಟ್ ಮಾಡಿಕೊಡಬೇಕಂತೆ. ಮೊಮ್ಮಗ ಹೊಸಕೋಟೆ ಕಡೆ ಕೋಳಿ ಫಾರಂ ಇಟ್ಟಿದ್ದಾನೆ ಅಂತ ಗೊತ್ತಾಯಿತು. ಹುಡುಕಿಕೊಂಡು ಹೋದೆ. ಆತ ಮೇವಿನ ಚೀಲ ಇಳಿಸುತ್ತಲೇ ಪೂರ್ತಿ ಕೇಳಿಸಿಕೊಂಡು, “ನಮ್ ತಾತ ಒಬ್ರೇ ಇದ್ದಿದ್ದು ಸ್ವಾಮಿ. ಇಬ್ರಿದ್ದಿದ್ರೆ ಒಬ್ರಾದ್ರೂ ಜಮೀನು ಉಳಿಸ್ತಿದ್ರು” ಅಂದ. ಇಷ್ಟು ಒಳ್ಳೆಯ ಲೀಗಲ್ ಒಪೀನಿಯನ್ನು ನಾನು ದುಡ್ಡು ಕೊಟ್ಟ ಇಬ್ಬರಿಂದಲೂ ಸಿಕ್ಕಿರಲಿಲ್ಲ. ನೋಟರಿ ಹತ್ತಿರ ಕರೆದುಕೊಂಡು ಹೋಗಿ ಸಹಿ ಹಾಕಿಸಿದೆ. ಬರುವಾಗ ಒಂದು ಟ್ರೇ ಮೊಟ್ಟೆ ಕೊಟ್ಟ, ದುಡ್ಡು ತಗೊಳ್ಳಲಿಲ್ಲ.

ಆಮೇಲೆ ಚಕ್ಕುಬಂದಿ. ಹಳೇ ಪತ್ರದಲ್ಲಿ ಪಶ್ಚಿಮಕ್ಕೆ ಹುಣಸೇಮರ ಎಂದಿದೆ, ಹೊಸ ಪತ್ರದಲ್ಲಿ ಪಶ್ಚಿಮಕ್ಕೆ ಅಪಾರ್ಟ್‌ಮೆಂಟ್ ಎಂದಿದೆ. ವಿವರಿಸಿ. ಸ್ವಾಮಿ, ಹುಣಸೇಮರ ಹೇಗೆ ಅಪಾರ್ಟ್‌ಮೆಂಟ್ ಆಯಿತು ಅಂತ ವಿವರಿಸಿದರೆ ಅದೇ ಬೆಂಗಳೂರಿನ ಚರಿತ್ರೆ. ಅಂದ ಹಾಗೆ, ಬೆಂಗಳೂರು ಅನ್ನೋ ಹೆಸರು ಮೊದಲು ಸಿಕ್ಕಿದ್ದೇ ಈ ಬೇಗೂರಿನಲ್ಲಿ, ಸುಮಾರು ಒಂಬತ್ತನೇ ಶತಮಾನದ ವೀರಗಲ್ಲಿನ ಮೇಲೆ. ಬೆಂಗಳೂರು ಕಾಳಗದಲ್ಲಿ ಸತ್ತವನೊಬ್ಬನ ಕಲ್ಲು. ಪುಣ್ಯಕ್ಕೆ ಮೂವತ್ತು ವರ್ಷದ ಇಸಿಯಲ್ಲಿ ಅದು ಬರುವುದಿಲ್ಲ. ಬಂದಿದ್ದರೆ ಆ ಕಲ್ಲಿನ ಬೆಂಗಳೂರೂ 2014ರವರೆಗೆ ಸರ್ಕಾರಿ ಇಂಗ್ಲಿಷಿನಲ್ಲಿದ್ದ ಬ್ಯಾಂಗಲೋರೂ ಒಂದೇ ಊರು ಅಂತ ಇನ್ನೊಂದು ಅಫಿಡವಿಟ್ ಆಗುತ್ತಿತ್ತು. ಅದಕ್ಕೆ ಯಾರ ಮೊಮ್ಮಗನನ್ನು ಹುಡುಕುವುದು?

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಅಕ್ಕನ ಮಗನ ಹತ್ತಿರ ಗೋಳು ತೋಡಿಕೊಂಡೆ. ಅವನು ನಕ್ಕುಬಿಟ್ಟ. ಅಲ್ಲೂ ಪ್ಯಾನಲ್ಲೇ ಮಾವ, ಅಂದ. ಸಾಲ ಕೊಡುವವರ ಪಟ್ಟಿಯಲ್ಲಿ ನಮ್ಮ ಸಾಲಿಸಿಟರ್ ಇಲ್ಲದಿದ್ದರೆ ಅವರು ತಮ್ಮ ಕಡೆಯಿಂದ ಇನ್ನೊಬ್ಬರನ್ನು ಇಡುತ್ತಾರೆ, ಇಬ್ಬರ ಫೀಸೂ ನಮ್ಮ ತಲೆಗೆ. ಆದರೆ ಪಟ್ಟಿಯಲ್ಲಿರುವವರನ್ನೇ ಹಿಡಿದರೆ, ಸಾಮಾನ್ಯವಾಗಿ ಅದೇ ಸಾಲಿಸಿಟರ್ ಕೊಳ್ಳುವವನಿಗೂ ಬ್ಯಾಂಕಿಗೂ ಕೆಲಸ ಮಾಡುತ್ತಾನೆ. ನಮ್ಮಲ್ಲಿ ಅಂಥ ಗೊಂದಲವೇ ಇಲ್ಲ. ದುಡ್ಡು ನಮ್ಮದು, ವಕೀಲರು ಬ್ಯಾಂಕಿನವರು.

ಅವರ ಹುಚ್ಚೂ ಕಮ್ಮಿಯಲ್ಲ. ಅಲ್ಲಿ ಕೆಲವು ಜಾಗ ಕೊಂಡರೆ ಊರ ಹಳೇ ಚರ್ಚಿನ ಬಲಿಪೀಠದ ಕಡೆಯ ಭಾಗ ರಿಪೇರಿ ಮಾಡಿಸುವ ಹೊಣೆಯೂ ಜಮೀನಿನ ಜೊತೆಗೇ ಬರುತ್ತದೆ. ಮಧ್ಯಯುಗದ ಕಾನೂನು. ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಜಮೀನಿದ್ದ ದಂಪತಿ ಇದರ ವಿರುದ್ಧ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಗಿ 2003ರಲ್ಲಿ ಸೋತರು. ಅದಕ್ಕೇ ನಮ್ಮ ಹುಡುಗನೂ ಒಂದು ಸಣ್ಣ ವಿಮೆ ಮಾಡಿಸಿದ್ದಾನೆ. ಮಲ್ಲೇಶ್ವರದಲ್ಲಿ ಹುಟ್ಟಿ, ಭಾನುವಾರ ಹನ್ನೊಂದು ಗಂಟೆಗೆ ಏಳುವವನು, ನೋಡದ ಚರ್ಚಿನ ಸೂರಿಗೆ ವಿಮೆ ಕಟ್ಟಿದ್ದಾನೆ!

ಆದರೂ ಅಲ್ಲಿ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಹೆಸರು ಕೂತರೆ ಆ ಒಡೆತನಕ್ಕೆ ಸರ್ಕಾರದ ಖಾತ್ರಿ ಇರುತ್ತದೆ. ನಮ್ಮಲ್ಲಿ 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿಯಾಗುವುದು ಕಾಗದ ಮಾತ್ರ. ಮನೆ ಮಾರಿದವನದ್ದೇ ಹೌದಾ ಅನ್ನುವುದು ನಿಮ್ಮ ಹಣೆಬರಹ. ಈ ಸೇವೆಗೆ ಶೇಕಡಾ 5 ಮುದ್ರಾಂಕ ಶುಲ್ಕ, ಮೇಲೆ ಸೆಸ್ಸು. ಶೇಕಡಾ 1 ಇದ್ದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2. ಖಾತ್ರಿ ಮಾತ್ರ ಎಷ್ಟಿತ್ತೋ ಅಷ್ಟೇ, ಸೊನ್ನೆ. ಆ ಸೊನ್ನೆಯಿಂದಲೇ ಪ್ಯಾನಲ್ ವಕೀಲರ ಜೀವನ ನಡೆಯುತ್ತಿದೆ.

ಕೊನೆಗೆ ಒಪೀನಿಯನ್ ಹೋಯಿತು. ನನಗಲ್ಲ, ಬ್ಯಾಂಕಿಗೆ. ಒಂದು ಕಾಪಿ ಕೊಡಿ ಅಂದೆ. “ಅದು ಇಂಟರ್ನಲ್ ಸರ್.” ಫೀಸು ನಾನೇ ಅಲ್ವಾ ಕೊಟ್ಟಿದ್ದು? “ಹೌದು ಸರ್. ಆದ್ರೆ ಒಪೀನಿಯನ್ ನಮಗೋಸ್ಕರ.” ನಾಳೆ ಕಾಗದದಲ್ಲಿ ಏನಾದರೂ ಲೋಪ ಬಂದರೆ? ಹುಡುಗ ಒಂದು ಫಾರಂ ತಿರುಗಿಸಿ, ಇರುವೆ ಗಾತ್ರದ ಅಕ್ಷರದ ಮೇಲೆ ಬೆರಳಿಟ್ಟ. ಹೊಣೆ ನನ್ನದೇ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ ಅಂತಾರೆ. ಇಲ್ಲಿ ಸಾಲ ಇಸ್ಕೊಂಡೋನೂ ನಾನೇ, ಕೋಡಂಗಿಯೂ ನಾನೇ.

ತಮಾಷೆ ಸಾಕು. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಒತ್ತುವರಿ ಅಂತ ಜೆಸಿಬಿ ನುಗ್ಗಿಸಿ ಮನೆ ಒಡೆದದ್ದು ನೆನಪಿದೆಯಾ? ನೋಂದಣಿಯಾದ ಮನೆಗಳು, ಬ್ಯಾಂಕ್ ಸಾಲವಿದ್ದ ಮನೆಗಳು. ಜನ ಬೀದಿಯಲ್ಲಿ ನಿಂತು ಕಾಗದ ತೋರಿಸಿ ಅತ್ತರು. ಅಜ್ಜನ ಹೆಸರಿನಲ್ಲಿ ಎರಡಕ್ಷರ ಕಮ್ಮಿಯಾದರೆ ಹಿಡಿಯುವವರಿಗೆ ಅಷ್ಟಗಲದ ಕಾಲುವೆ ಕಾಣಿಸಲಿಲ್ಲವಾ? ಗೋಡೆ ಬಿದ್ದರೂ ಸಾಲ ಬೀಳುವುದಿಲ್ಲ. ಕಂತು ಕಟ್ಟಲೇಬೇಕು. ಸಾಲ ತೀರಿದ ಮೇಲೆ ಮೂಲಪತ್ರ ವಾಪಸ್ ಕೊಡಲು ಮೂವತ್ತು ದಿನ ಮೀರಿದರೆ ದಿನಕ್ಕೆ 5,000 ರೂಪಾಯಿ ಕೊಡಿ ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿತು. ಒಳ್ಳೆಯದು. ಆದರೆ ತಪ್ಪು ಒಪೀನಿಯನ್ ಬರೆದವರು ಏನು ಕೊಡಬೇಕು? ನನಗೆ ಸಿಟ್ಟು ಬರುತ್ತದೆ, ಅಷ್ಟೇ. ಸಿಟ್ಟು ಬಂದು ಸುಸ್ತಾಗುತ್ತದೆ.

ಮನೆ ಬಂತು. ಹೋದ ತಿಂಗಳು ಇನ್ನೊಂದು ಬ್ಯಾಂಕಿನವರು ಫೋನ್ ಮಾಡಿ, ಸಾಲ ನಮ್ಮಲ್ಲಿಗೆ ಬದಲಾಯಿಸಿ, ಬಡ್ಡಿ ಕಮ್ಮಿ ಅಂದರು. ಆಸೆ ಕೆಟ್ಟದ್ದು, ಹೂಂ ಅಂದೆ. ಅವರದೂ ಒಂದು ಪ್ಯಾನಲ್. ಮೊದಲ ಹೆಸರಿಗೆ ಫೋನ್ ಮಾಡಿದರೆ ಡಿಪಿಯಲ್ಲಿ ಅದೇ ತಿಮ್ಮಪ್ಪ! ನಾನು ಕುಣಿದಾಡಿಬಿಟ್ಟೆ. ಹಳೇ ಫೈಲೇ ಅಲ್ವಾ ಸರ್, ಅಂದೆ.

“ಹೌದೌದು, ನೆನಪಿದೆ. ಆದ್ರೂ ಪೂರ್ತಿ ಒಂದು ಸೆಟ್ ಕಳಿಸಿ, ಫೀಸು ಬೇರೆ ಆಗುತ್ತೆ. ಮತ್ತೆ ಆ ಅಫಿಡವಿಟ್ ಇದೆಯಲ್ಲ, ಅದು ಹಳೇದಾಯ್ತು. ಹೊಸದು ಮಾಡಿಸಿ.”

ಹೊಸಕೋಟೆಗೆ ಫೋನ್ ಹಚ್ಚಿದೆ. ಆ ಕಡೆ ಕೋಳಿಗಳ ಗದ್ದಲ.

“ಏನ್ ಸ್ವಾಮಿ, ನಮ್ ತಾತ ಮತ್ತೆ ಇಬ್ರಾದ್ರಾ?”