ವಾರಂಟಿ ನಿರಾಕರಣೆಯೇ ಕೊನೆಯ ಮಾತಲ್ಲ: ಒಂದು ಸ್ಪಷ್ಟನೆ

ಕಳೆ ಕತ್ತರಿಸುವ ಬ್ರಷ್ ಕಟರ್, ಔಷಧಿ ಸಿಂಪಡಿಸುವ ಪವರ್ ಸ್ಪ್ರೇಯರ್‌ಗಳಿಗೆ ಕಂಪನಿ ಒಮ್ಮೆ ವಾರಂಟಿ ನಿರಾಕರಿಸಿದರೆ ಮುಗಿಯಿತು, ದೂರು ಕೊಡಲು ಅದರ ಮುಖ್ಯ ಕಚೇರಿಯಿರುವ ಊರಿಗೇ ಹೋಗಬೇಕು ಎಂಬ ಸಂದೇಶವೊಂದು ರಾಯಚೂರು ಜಿಲ್ಲೆಯ ರೈತರ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಇವೆರಡೂ ಸುಳ್ಳು. ಸಾಲ ಮಾಡಿ ಯಂತ್ರ ಕೊಂಡವರು ಇದನ್ನು ನಂಬಿ ಹಕ್ಕು ಬಿಟ್ಟುಕೊಡುವುದು ಸಂಕಟದ ಸಂಗತಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದಾದ್ದರಿಂದ, ಸಿಂಧನೂರಿನ ರೈತರಿಗೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಅದನ್ನು ಸಲ್ಲಿಸಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಹಾಗೆಂದು ಎಲ್ಲ ನಿರಾಕರಣೆಯೂ ಅನ್ಯಾಯವಲ್ಲ. ಇಂಥ ಹಲವು ಯಂತ್ರಗಳಲ್ಲಿರುವ ಟೂ-ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಮೈಮೇಲೆ ಉದ್ದುದ್ದ ಗೀರು ಬಿದ್ದು ಎಂಜಿನ್ ಜಾಮ್ ಆಗುತ್ತದೆ. ಅದಕ್ಕೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಎಂಜಿನ್ನಿಗೆ ಕಿಡಿ ಒದಗಿಸುವ ಇಗ್ನಿಷನ್ ಕಾಯಿಲ್ ಕೆಟ್ಟಿದ್ದಕ್ಕೂ ಅದೇ ಕಾರಣ ಹೇಳಿದರೆ ಒಪ್ಪಬೇಕಾಗಿಲ್ಲ. ಆದ್ದರಿಂದ ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಬಿಚ್ಚಿದ ಪಿಸ್ಟನ್, ಸಿಲಿಂಡರ್‌ಗಳ ಫೋಟೊ ತೆಗೆದುಕೊಳ್ಳಿ, ಬಿಲ್ಲು, ವಾರಂಟಿ ಕಾರ್ಡು, ರಿಪೇರಿಗೆ ಕೊಟ್ಟಾಗ ಸರ್ವೀಸ್ ಸೆಂಟರ್ ಬರೆದುಕೊಡುವ ಜಾಬ್ ಕಾರ್ಡುಗಳನ್ನು ಜೋಪಾನವಾಗಿಡಿ, ವಿವಾದ ಬಗೆಹರಿಯುವ ತನಕ ಯಂತ್ರವನ್ನು ಹೊರಗಿನ ಮೆಕ್ಯಾನಿಕ್ ಕೈಗೆ ಕೊಡಬೇಡಿ. ಆಯೋಗಕ್ಕೆ ಹೋಗುವ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ದಾಖಲಿಸಬಹುದು.