ಹಳೇ ಸ್ಟೇಬಲ್ ಬ್ರಾಂಚ್‌ಗಳನ್ನು ವರ್ಷಗಟ್ಟಲೆ ಕಾಪಾಡಬೇಕೇ?

ಪರ: ಕಾಪಾಡಲೇಬೇಕು

ಸ್ಟೇಬಲ್ ಬ್ರಾಂಚ್ ಅಂದರೆ ಬಿಡುಗಡೆಯಾದ ಆವೃತ್ತಿಯೊಂದಕ್ಕೆ ತಿದ್ದುಪಡಿಗಳನ್ನಷ್ಟೇ ಸೇರಿಸುತ್ತಾ ಹೋಗುವ ಕೋಡ್ ಕವಲು. ಅದರಲ್ಲಿ ಒಂದು ಭದ್ರತಾ ದೋಷ ಸಿಕ್ಕಿದೆ, ಅದನ್ನು ಸರಿಪಡಿಸಲು ಹತ್ತು ಸಾಲಿನ ಕೋಡ್ ಸಾಕು ಅಂದುಕೊಳ್ಳಿ. ಅದಕ್ಕಾಗಿ ಇಡೀ ಸಾಫ್ಟ್‌ವೇರನ್ನು ಹೊಸ ಆವೃತ್ತಿಗೆ ಏರಿಸಿದರೆ ಏನಾಗುತ್ತದೆ? ಕಾನ್ಫಿಗ್ ಫೈಲ್ ಬದಲಾಗಿರುತ್ತದೆ. ನೀವು ನೆಚ್ಚಿಕೊಂಡಿದ್ದ ಆಯ್ಕೆಯೊಂದು ಮಾಯವಾಗಿರುತ್ತದೆ. ಹೊಸ ಬಗ್‌ಗಳೂ ಜೊತೆಗೇ ಬರುತ್ತವೆ. ಸಾವಿರಾರು ಸರ್ವರ್ ನೋಡಿಕೊಳ್ಳುವವರು ಇದಕ್ಕೆ ಹೆದರಿ ಅಪ್‌ಡೇಟನ್ನೇ ಮುಂದಕ್ಕೆ ತಳ್ಳುತ್ತಾರೆ. ದೋಷ ಹಾಗೇ ಉಳಿಯುತ್ತದೆ. ಆ ಹತ್ತು ಸಾಲನ್ನಷ್ಟೇ ಹಳೇ ಬ್ರಾಂಚ್‌ಗೆ ತಂದು ಕೊಡುವುದೇ ಬ್ಯಾಕ್‌ಪೋರ್ಟ್.

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ (ಸರ್ವರ್ ಮೆಮೊರಿಯಿಂದ ಗುಟ್ಟಿನ ಕೀಗಳು ಸೋರಬಹುದಿತ್ತು) ಹೊರಬಿದ್ದಾಗ, ಎನ್‌ಕ್ರಿಪ್ಷನ್ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ತಂಡ ಅದನ್ನು 1.0.1ಜಿ ಆವೃತ್ತಿಯಲ್ಲಿ ಸರಿಪಡಿಸಿತು. ಆದರೆ ಲಿನಕ್ಸ್ ವಿತರಣೆ ಕೊಡುವ ಡೆಬಿಯನ್ ಮತ್ತು ರೆಡ್ ಹ್ಯಾಟ್ ತಮ್ಮಲ್ಲಿದ್ದ 1.0.1ಇ ಆವೃತ್ತಿಯನ್ನೇ ಇಟ್ಟುಕೊಂಡು ಅದಕ್ಕೇ ಪ್ಯಾಚ್ (ತಿದ್ದುಪಡಿಯ ಸಾಲುಗಳು) ಹಾಕಿದವು. ಬಳಕೆದಾರರು ಎಂದಿನ ಅಪ್‌ಡೇಟ್ ಹಾಕಿ ಸರ್ವಿಸ್‌ಗಳನ್ನು ಮರುಚಾಲೂ ಮಾಡಿದರು, ಕೀಗಳನ್ನು ಬದಲಿಸಿಕೊಂಡರು. ಲೈಬ್ರರಿಯಲ್ಲಿ ಬೇರೆ ಯಾವ ಬದಲಾವಣೆಯನ್ನೂ ಅವರ ತಲೆಗೆ ಕಟ್ಟಲಿಲ್ಲ. ಅವಸರದ ಹೊತ್ತಿನಲ್ಲಿ ಬೇಕಾಗುವುದು ಇದೇ ಅಲ್ವಾ?

ಈ ಕೆಲಸಕ್ಕೆ ಗಟ್ಟಿ ನಿಯಮಗಳೂ ಇವೆ. 2005ರಿಂದ ನಡೆಯುತ್ತಿರುವ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸ್ಟೇಬಲ್ ಸರಣಿಯನ್ನೇ ನೋಡಿ. ಪ್ಯಾಚ್ ಮೊದಲು ಮೇನ್‌ಲೈನ್‌ಗೆ, ಅಂದರೆ ಹೊಸ ಆವೃತ್ತಿಗಳು ಬರುವ ಮುಖ್ಯ ಕೋಡ್‌ಗೆ, ಸೇರಿರಬೇಕು. ನಿಜವಾದ ತೊಂದರೆಯನ್ನೇ ಸರಿಪಡಿಸಬೇಕು. ಅಕ್ಕಪಕ್ಕದ ಸಾಲುಗಳೂ ಸೇರಿ 100 ಸಾಲು ಮೀರಬಾರದು. ಇದರಲ್ಲಿ ಮೊದಲನೆಯದು ಬಹಳ ಮುಖ್ಯ. ಹಳೇ ಬ್ರಾಂಚ್‌ನಲ್ಲಿ ಮಾತ್ರ ದೋಷ ಸರಿಪಡಿಸಿದರೆ, ಮುಂದೆ ಹೊಸ ಆವೃತ್ತಿಗೆ ಹೋದವರಿಗೆ ಅದೇ ದೋಷ ಮತ್ತೆ ಎದುರಾಗುತ್ತದೆ.

ವಿರೋಧ: ಪರೀಕ್ಷಿಸಲಾಗದ ಭರವಸೆ ಕೊಡಬಾರದು

ಹತ್ತು ಸಾಲು ತಾನೇ ಅನ್ನುವ ಮಾತಿನಲ್ಲೇ ಅಪಾಯವಿದೆ. ಒಂದು ಪ್ಯಾಚ್ ಸರಿಯೋ ತಪ್ಪೋ ಅನ್ನುವುದು ಅದರ ಸುತ್ತಲಿನ ಕೋಡ್‌ ಮೇಲೆ ನಿಂತಿದೆ. ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಚೆರ್ರಿ-ಪಿಕ್ ಮಾಡಿದಾಗ (ಒಂದೇ ಬದಲಾವಣೆಯನ್ನು ಬೇರೆ ಬ್ರಾಂಚ್‌ಗೆ ತಂದಾಗ) ಕಾನ್‌ಫ್ಲಿಕ್ಟ್, ಅಂದರೆ ಸಾಲುಗಳ ತಿಕ್ಕಾಟ, ಬರಲಿಲ್ಲ ಅಂದರೆ ಸಾಲುಗಳು ಹೊಂದಿಕೊಂಡವು ಅಂತಷ್ಟೇ. ಅರ್ಥ ಹೊಂದಿತೋ ಇಲ್ಲವೋ ಗಿಟ್‌ಗೆ ಗೊತ್ತಾಗುವುದಿಲ್ಲ.

2023ರ ಕೊನೆಯಲ್ಲಿ ಆದದ್ದು ಇದೇ. ಕರ್ನಲ್ 6.1.64ಕ್ಕೆ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನ ಒಂದು ತಿದ್ದುಪಡಿ ಬಂತು. ಮೇನ್‌ಲೈನ್‌ನಲ್ಲಿ ಅದು ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ಆಧಾರವಾಗಿದ್ದ ಇನ್ನೊಂದು ಕಮಿಟ್ (ದಾಖಲಾದ ಬದಲಾವಣೆ) 6.1ರಲ್ಲಿ ಇರಲಿಲ್ಲ. ಬಳಕೆದಾರರ ಡೇಟಾವೇ ಹಾಳಾಗುವ ಸ್ಥಿತಿ ಬಂತು. ಡಿಸೆಂಬರ್ 9ಕ್ಕೆ ಬರಬೇಕಿದ್ದ ಡೆಬಿಯನ್ 12.3 ಅನ್ನು ತಡೆದು, ಮರುದಿನ ಸರಿಪಡಿಸಿದ ಕರ್ನಲ್‌ ಜೊತೆ 12.4 ಕೊಡಬೇಕಾಯಿತು. ಡೆಬಿಯನ್ ತಂಡ ಅಷ್ಟು ಬೇಗ ಎಚ್ಚೆತ್ತುಕೊಂಡದ್ದು ದೊಡ್ಡ ಕೆಲಸ. ಆದರೂ ದೋಷ ಇದ್ದದ್ದು ಸ್ಟೇಬಲ್ ಅನ್ನುವ ಹೆಸರು ಹೊತ್ತ ಬ್ರಾಂಚ್‌ನಲ್ಲಿ. ಜನ ಕಣ್ಣುಮುಚ್ಚಿ ನಂಬುವುದು ಅದನ್ನೇ.

ಶಿಸ್ತಿಗೆ ಹೆಸರಾದ ಡೇಟಾಬೇಸ್ ಪೋಸ್ಟ್‌ಗ್ರೆಸ್‌ಕ್ಯೂಎಲ್‌ ಕೂಡ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಅಲ್ಲಿ ಪ್ರತಿ ಆವೃತ್ತಿಗೂ 5 ವರ್ಷ ಬೆಂಬಲ. 2024ರ ನವೆಂಬರ್‌ನ ರಿಲೀಸ್‌ಗಳಲ್ಲಿ ಒಂದು ಸ್ಟ್ರಕ್ಟ್‌ನ (ಮೆಮೊರಿಯಲ್ಲಿ ಡೇಟಾ ಜೋಡಿಸುವ ವಿನ್ಯಾಸದ) ಅಳತೆ ಬದಲಾಗಿ, ಮೊದಲೇ ಕಂಪೈಲ್ ಆಗಿದ್ದ ಕೆಲವು ಎಕ್ಸ್‌ಟೆನ್ಷನ್‌ಗಳು ಮುರಿದವು. ವಾರದೊಳಗೆ ಮತ್ತೆ ರಿಲೀಸ್ ಮಾಡಬೇಕಾಯಿತು.

ಐದು ಬ್ರಾಂಚ್ ಇದ್ದರೆ ಒಂದೇ ತಿದ್ದುಪಡಿಯನ್ನು ಐದು ಕಡೆ ಪರೀಕ್ಷಿಸಬೇಕು. ಪ್ರತಿಯೊಂದರಲ್ಲೂ ಕಂಪೈಲರ್ ಬೇರೆ, ಹಾರ್ಡ್‌ವೇರ್ ಬೇರೆ. ಇದನ್ನೆಲ್ಲ ಮಾಡುವವರು ಯಾರು? ಕರ್ನಲ್‌ನ ಸ್ಟೇಬಲ್ ರಿಲೀಸ್ ಕ್ಯಾಂಡಿಡೇಟ್‌ಗೆ (ಬಿಡುಗಡೆಗೆ ಮುಂಚಿನ ಪರೀಕ್ಷಾ ಪ್ರತಿಗೆ) ಸಾಮಾನ್ಯವಾಗಿ ಸಿಗುವ ಪರಿಶೀಲನೆಯ ಕಾಲ 48 ಗಂಟೆ. ಅದರಲ್ಲಿ ಎಷ್ಟೋ ಸಲ ನೂರಾರು ಪ್ಯಾಚ್‌ಗಳಿರುತ್ತವೆ. ಕರ್ನಲ್‌ಸಿಐನಂಥ ತಾನೇ ತಾನಾಗಿ ಪರೀಕ್ಷಿಸುವ ವ್ಯವಸ್ಥೆಗಳು ಬಿಲ್ಡ್ ಮತ್ತು ಬೂಟ್ ದೋಷಗಳನ್ನು ಚೆನ್ನಾಗಿ ಹಿಡಿಯುತ್ತವೆ. ನಿಮ್ಮ ಕೆಲಸದ ಹೊರೆಯಡಿ ಮಾತ್ರ ಹೊರಬರುವ ದೋಷವನ್ನು ಅವು ಹೇಗೆ ಹಿಡಿಯಬೇಕು?

2017ರಲ್ಲಿ ಕರ್ನಲ್‌ನ ದೀರ್ಘಾವಧಿ ಬೆಂಬಲವನ್ನು 6 ವರ್ಷಕ್ಕೆ ಏರಿಸಿದ್ದರು. 2023ರಲ್ಲಿ ಮತ್ತೆ 2 ವರ್ಷಕ್ಕೆ ಇಳಿಸುವುದಾಗಿ ಹೇಳಿದರು. ನನ್ನ ಪ್ರಕಾರ ಅದು ಪ್ರಾಮಾಣಿಕ ತೀರ್ಮಾನ. ಹೆಚ್ಚು ವರ್ಷ ಬೇಕಾದವರು ಆ ಹೊರೆಯನ್ನೂ ಹೊರಲಿ. ಸಿವಿಲ್ ಇನ್‌ಫ್ರಾಸ್ಟ್ರಕ್ಚರ್ ಪ್ಲಾಟ್‌ಫಾರ್ಮ್ ಅನ್ನುವ ಕಂಪನಿಗಳ ಜಂಟಿ ಯೋಜನೆ ಹಾಗೇ ಮಾಡುತ್ತಿದೆ. ಆರಿಸಿದ ಕೆಲವೇ ಕರ್ನಲ್‌ಗಳನ್ನು ಕನಿಷ್ಠ 10 ವರ್ಷ ನಡೆಸುವ ಗುರಿ ಅದರದು. ಅದರ ಖರ್ಚನ್ನು ಸದಸ್ಯ ಕಂಪನಿಗಳೇ ಕೊಡುತ್ತವೆ.